ಎಷ್ಟು ಪಟ್ಟು ದೊಡ್ಡದು? ಸಮರೂಪ ಆಕೃತಿಗಳು ಮತ್ತು ಸ್ಕೇಲ್ ಫ್ಯಾಕ್ಟರ್

ಗೆಳೆಯರೇ, ಈ ಸಲ ಕವನ, ಪ್ರವಾಸ ಕಥನಗಳ ನಡುವೆ ಒಂದು ಗಣಿತದ ಪಾಠ. ಹತ್ತನೇ ಕ್ಲಾಸಿನ ಪಾಠ ಇಂಜಿನಿಯರಿಂಗ್ ಹುಡುಗರಿಗೆ ಯಾಕೆ ಅಂತ ಕೇಳ್ಬಹುದು. ಕಾರಣ ಇದೆ. ಡ್ರಾಯಿಂಗ್ ಕ್ಲಾಸ್, ಪ್ರಾಜೆಕ್ಟಿನ ಮಾಡೆಲ್, ತ್ರೀಡಿ ಪ್ರಿಂಟರ್, ಪ್ಲೇಸ್‌ಮೆಂಟ್‌ನ ಆಪ್ಟಿಟ್ಯೂಡ್ ಟೆಸ್ಟ್ ಎಲ್ಲದರಲ್ಲೂ ಇದು ಬರುತ್ತೆ. ಎಲ್ಲರಿಗೂ ಗೊತ್ತಿರೋ ವಿಷಯ ಅನ್ನೋ ಧೈರ್ಯದಲ್ಲೇ ಇದರಲ್ಲಿ ಜಾಸ್ತಿ ಮಾರ್ಕ್ಸ್ ಹೋಗುತ್ತೆ. ಮಾರ್ಕ್ಸ್ ಹೋದ್ರೆ ಪರವಾಗಿಲ್ಲ, ಕಟ್ಟಿದ ಸೇತುವೆ ಹೋದ್ರೆ ಕಷ್ಟ. ಆ ಸೇತುವೆಯ ಲೆಕ್ಕವನ್ನೂ ಕೊನೆಯಲ್ಲಿ ಮಾಡೋಣ.

ಮೊದಲು ಒಂದು ಪದದ ವಿಚಾರ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಅಲ್ಲಿ ಇದಕ್ಕೆ ‘ಸಿಮಿಲರ್’ ಅಂತಾರೆ. ದಿನನಿತ್ಯದ ಮಾತಿನಲ್ಲಿ ಸಿಮಿಲರ್ ಅಂದ್ರೆ ‘ಸುಮಾರಾಗಿ ಹಾಗೇ ಇದೆ’ ಅಂತ. ನಿಮ್ಮ ಶರ್ಟ್, ನನ್ನ ಶರ್ಟ್ ಸಿಮಿಲರ್. ಈ ಅರ್ಥವನ್ನ ತಲೆಯಲ್ಲಿ ಇಟ್ಕೊಂಡು ಗಣಿತಕ್ಕೆ ಹೋದ್ರೆ ಎಡವಟ್ಟಾಗುತ್ತೆ. ಕನ್ನಡದ ಪಠ್ಯಪುಸ್ತಕದಲ್ಲಿ ಇದಕ್ಕೆ ‘ಸಮರೂಪ’ ಅನ್ನೋ ಪದ ಇದೆ. ಸಮ ಆದ ರೂಪ. ‘ಹೆಚ್ಚುಕಡಿಮೆ’ ಅನ್ನೋ ಮಾತೇ ಇಲ್ಲ: ಆಕಾರ ಪೂರ್ತಿ ಒಂದೇ, ಅಳತೆ ಮಾತ್ರ ಬೇರೆ ಇರಬಹುದು. ಅಳತೆಯೂ ಒಂದೇ ಆಗಿಬಿಟ್ರೆ ಅದು ‘ಸರ್ವಸಮ’, ಎಲ್ಲದರಲ್ಲೂ ಸಮ. ಎರಡೂ ಪದಗಳು ತಮ್ಮ ಅರ್ಥವನ್ನ ತಾವೇ ಹೇಳ್ತವೆ. ನನಗಂತೂ ಈ ಅಧ್ಯಾಯ ಸರಿಯಾಗಿ ಅರ್ಥ ಆಗಿದ್ದು ಈ ಎರಡು ಪದ ಸಿಕ್ಕ ಮೇಲೆ.

1. ಸಮರೂಪ ಹೌದೋ ಅಲ್ವೋ?

ಎರಡು ಬಹುಭುಜಗಳು ಸಮರೂಪ ಆಗಬೇಕಾದ್ರೆ ಎರಡು ಷರತ್ತು. ಒಂದು, ಅನುರೂಪ ಕೋನಗಳು ಸಮ ಇರಬೇಕು. ಎರಡು, ಅನುರೂಪ ಬಾಹುಗಳ ಅನುಪಾತ ಎಲ್ಲ ಕಡೆ ಒಂದೇ ಇರಬೇಕು. ‘ಅನುರೂಪ’ ಅಂದ್ರೆ ಇದರಲ್ಲಿ ಆ ಜಾಗದಲ್ಲಿ ಇರೋದಕ್ಕೆ ಅದರಲ್ಲಿ ಅದೇ ಜಾಗದಲ್ಲಿ ಇರೋ ಜೋಡಿ.

ಉದಾಹರಣೆಗೆ ಬೆಂಗಳೂರಿನ ಸೈಟ್‌ಗಳನ್ನೇ ತಗೊಳ್ಳಿ. ‘ಟ್ವೆಂಟಿ ಥರ್ಟಿ’, ‘ಥರ್ಟಿ ಫಾರ್ಟಿ’, ‘ಫಾರ್ಟಿ ಸಿಕ್ಸ್ಟಿ’ ಅಂತ ಮನೆಯಲ್ಲಿ ದೊಡ್ಡವರು ಮಾತಾಡೋದನ್ನ ಕೇಳಿರ್ತೀರಿ. ಎಲ್ಲ ಆಯತಗಳೇ, ಎಲ್ಲ ಕೋನಗಳೂ 90 ಡಿಗ್ರಿ. ಮೊದಲ ಷರತ್ತು ಪಾಸ್. ಎರಡನೆಯದು?

30×40 ಮತ್ತು 40×60: ಚಿಕ್ಕ ಬಾಹುಗಳ ಅನುಪಾತ 40÷30 = 1.33. ದೊಡ್ಡ ಬಾಹುಗಳದ್ದು 60÷40 = 1.5. ಎರಡೂ ಬೇರೆ ಬೇರೆ. ಹಾಗಾಗಿ ಸಮರೂಪ ಅಲ್ಲ.

20×30 ಮತ್ತು 40×60: 40÷20 = 2, 60÷30 = 2. ಎರಡೂ ಒಂದೇ. ಸಮರೂಪ. ಈ 2 ಇದೆಯಲ್ಲ, ಅದೇ ಸ್ಕೇಲ್ ಫ್ಯಾಕ್ಟರ್. ಇನ್ನು ಮುಂದೆ ಅದನ್ನ ‘ಕೆ’ ಅಂತ ಕರೆಯೋಣ.

ಒಂದು ಷರತ್ತು ಸಾಕಾಗಲ್ವಾ ಅಂದ್ರೆ, ತ್ರಿಭುಜಕ್ಕೆ ಸಾಕು, ಬೇರೆಯವಕ್ಕೆ ಸಾಲದು. ಮೇಲಿನ ಮೊದಲ ಜೋಡಿಯಲ್ಲಿ ಕೋನ ಸರಿ ಇದ್ದರೂ ಬಾಹು ಕೈಕೊಟ್ಟಿತು. ಚೌಕ ಮತ್ತು ವಜ್ರಾಕೃತಿ ತಗೊಂಡ್ರೆ ಇದು ಉಲ್ಟಾ: ಬಾಹುಗಳ ಅನುಪಾತ ಸರಿ ಇರುತ್ತೆ, ಕೋನ ಕೈಕೊಡುತ್ತೆ. ತ್ರಿಭುಜ ಮಾತ್ರ ಗಟ್ಟಿ ಆಸಾಮಿ. ಎರಡು ಕೋನ ಸಮ ಅಂತ ತೋರಿಸಿದ್ರೆ ಉಳಿದದ್ದೆಲ್ಲ ತಾನಾಗೇ ಸರಿಹೋಗುತ್ತೆ.

ಇನ್ನೊಂದು ಮಾತು. ಸಮರೂಪತೆ ಅಂದ್ರೆ ಗುಣಿಸೋದು, ಕೂಡಿಸೋದಲ್ಲ. 4×6 ಇಂಚಿನ ಫೋಟೋಗೆ ಸುತ್ತ ಒಂದೊಂದು ಇಂಚಿನ ಫ್ರೇಮ್ ಹಾಕಿದ್ರೆ ಹೊರಗಿನ ಅಳತೆ 6×8 ಆಗುತ್ತೆ. ನೋಡೋಕೆ ಒಳಗೊಂದು ಹೊರಗೊಂದು ಒಂದೇ ಆಕಾರದ ಹಾಗೆ ಕಾಣುತ್ತೆ. ಆದ್ರೆ 6÷4 = 1.5, 8÷6 = 1.33. ಸಮರೂಪ ಅಲ್ಲ! ಎಲ್ಲ ಕಡೆ ಸಮವಾಗಿ ಕೂಡಿಸಿದ್ರೂ ಆಕಾರ ಕೆಡುತ್ತೆ.

2. ಕೆ ಕಂಡುಹಿಡಿಯೋದು ಹೇಗೆ?

ವಿಧಾನ ಮೂರೇ ಹೆಜ್ಜೆ.

ಹೆಜ್ಜೆ ಒಂದು: ಯಾವುದರಿಂದ ಯಾವುದಕ್ಕೆ ಹೋಗ್ತಿದ್ದೀವಿ ಅಂತ ಬರ್ಕೊಳ್ಳಿ. ಹಳೆಯದು, ಹೊಸದು.
ಹೆಜ್ಜೆ ಎರಡು: ಅನುರೂಪ ಬಾಹುಗಳ ಜೋಡಿ ಮಾಡಿ.
ಹೆಜ್ಜೆ ಮೂರು: ಹೊಸ ಉದ್ದ ಭಾಗಿಸು ಹಳೆಯ ಉದ್ದ. ಒಂದು ಜೋಡಿಯಲ್ಲಿ ಮಾಡಿ, ಇನ್ನೊಂದು ಜೋಡಿಯಲ್ಲಿ ಪರೀಕ್ಷೆ ಮಾಡಿ.

ಕೆ 1ಕ್ಕಿಂತ ಜಾಸ್ತಿ ಬಂದ್ರೆ ಹಿಗ್ಗಿದೆ, ಕಡಿಮೆ ಬಂದ್ರೆ ಕುಗ್ಗಿದೆ, ಸರಿಯಾಗಿ 1 ಬಂದ್ರೆ ಸರ್ವಸಮ. ಉಲ್ಟಾ ದಿಕ್ಕಿಗೆ ಹೋದ್ರೆ ಕೆ ಕೂಡ ಉಲ್ಟಾ: 2 ಇದ್ದದ್ದು ½ ಆಗುತ್ತೆ. ಎರಡೂ ಉದ್ದ ಒಂದೇ ಯೂನಿಟ್‌ನಲ್ಲಿ ಇರಬೇಕು. ಕೆಗೆ ಯೂನಿಟ್ ಇರಲ್ಲ.

ಈಗ ಜೆರಾಕ್ಸ್ ಅಂಗಡಿಗೆ ಹೋಗೋಣ. ಎ4 ಹಾಳೆ 210×297 ಮಿ.ಮೀ. ಎ3 ಹಾಳೆ 297×420 ಮಿ.ಮೀ. ಎ4ರಿಂದ ಎ3ಗೆ ಕೆ ಎಷ್ಟು?

ಎ3 ಹಾಳೆಯನ್ನ ಅಡ್ಡ ಇಟ್ಟು, ಎ4 ಹಾಳೆಯನ್ನ ಉದ್ದ ಇಟ್ಟು ನೋಡಿದ್ರೆ ಒಂದು ಬೋನು ರೆಡಿ ಇದೆ. ಎತ್ತರ ಎರಡಕ್ಕೂ 297, ಅನುಪಾತ 1. ಅಗಲ 420÷210 = 2. ‘ಒಂದು ಕಡೆ 1, ಇನ್ನೊಂದು ಕಡೆ 2, ಹಾಗಾದ್ರೆ ಸಮರೂಪ ಅಲ್ಲ’ ಅಂತ ಬರೆದು ಮುಂದೆ ಹೋಗೋರು ತುಂಬಾ ಜನ. ಜೋಡಿ ತಪ್ಪಿದೆ. ಚಿಕ್ಕದಕ್ಕೆ ಚಿಕ್ಕದು, ದೊಡ್ಡದಕ್ಕೆ ದೊಡ್ಡದು ಜೋಡಿ ಮಾಡ್ಬೇಕು: 297÷210 = 1.414, 420÷297 = 1.414. ಎರಡೂ ಒಂದೇ. ಕೆ = 1.414.

ಈ ಸಂಖ್ಯೆ ಗುರುತು ಸಿಕ್ಕಿತಾ? √2. ಇದು ಕಾಕತಾಳೀಯ ಅಲ್ಲ. ಹಾಳೆಯನ್ನ ಮಧ್ಯಕ್ಕೆ ಮಡಚಿದ್ರೂ ಅದೇ ಆಕಾರ ಉಳೀಬೇಕು ಅಂತ ಆರಿಸಿಕೊಂಡ ಅನುಪಾತ ಇದು. ಅಗಲ 1, ಉದ್ದ ‘ಎಕ್ಸ್’ ಅಂತ ಇಟ್ಕೊಳ್ಳಿ. ಮಡಚಿದ ಮೇಲೆ ಉದ್ದ 1, ಅಗಲ ಎಕ್ಸ್÷2. ಸಮರೂಪ ಆಗಬೇಕಾದ್ರೆ ಎಕ್ಸ್÷1 = 1÷(ಎಕ್ಸ್÷2). ಅಂದ್ರೆ ಎಕ್ಸ್² = 2. ಎಕ್ಸ್ = √2. ಬೇರೆ ಉತ್ತರವೇ ಇಲ್ಲ. ಈ ಗುಣದ ಬಗ್ಗೆ ಜರ್ಮನಿಯ ಲಿಕ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದ. 1922ರಲ್ಲಿ ಜರ್ಮನಿ ಇದನ್ನ ತನ್ನ ಸ್ಟ್ಯಾಂಡರ್ಡ್ ಮಾಡಿಕೊಳ್ತು, ಆಮೇಲೆ ಅದು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು. ಅಮೆರಿಕದ ‘ಲೆಟರ್’ ಹಾಳೆಗೆ (8.5×11 ಇಂಚು) ಈ ಗುಣ ಇಲ್ಲ: ಮಡಚಿದ್ರೆ 5.5×8.5. ಮೊದಲು ಅನುಪಾತ 1.29 ಇತ್ತು, ಈಗ 1.55. ಆಕಾರವೇ ಬದಲಾಯ್ತು.

ಜೆರಾಕ್ಸ್ ಮಶಿನ್ ಮೇಲೆ 141% ಮತ್ತು 71% (ಕೆಲವದರಲ್ಲಿ 70%) ಅನ್ನೋ ಬಟನ್‌ಗಳು ಯಾಕಿವೆ ಅಂತ ಈಗ ಗೊತ್ತಾಯ್ತಲ್ಲ. ಒಂದು √2, ಇನ್ನೊಂದು 1÷√2.

3. ಜೋಡಿ ತಪ್ಪದ ಹಾಗೆ

ಈ ಅಧ್ಯಾಯದ ಮುಕ್ಕಾಲು ಪಾಲು ತಪ್ಪುಗಳು ಹೆಜ್ಜೆ ಎರಡರಲ್ಲೇ ಆಗೋದು. ಭಾಗಾಕಾರದಲ್ಲಿ ಯಾರೂ ಎಡವಲ್ಲ, ಕ್ಯಾಲ್ಕುಲೇಟರ್ ಇದೆ. ಯಾವುದನ್ನ ಯಾವುದರಿಂದ ಭಾಗಿಸ್ಬೇಕು ಅನ್ನೋದನ್ನ ಕ್ಯಾಲ್ಕುಲೇಟರ್ ಹೇಳಲ್ಲ.

ಒಂದು ತ್ರಿಭುಜದ ಬಾಹುಗಳು 6, 8, 12. ಇನ್ನೊಂದರದ್ದು 18, 9, 12. ಸಮರೂಪವೇ? ಕೊಟ್ಟ ಕ್ರಮದಲ್ಲೇ ಭಾಗಿಸಿದ್ರೆ 3, 1.125, 1 ಬರುತ್ತೆ. ಅದನ್ನ ಬಿಟ್ಟು ಎರಡನ್ನೂ ಏರಿಕೆ ಕ್ರಮದಲ್ಲಿ ಬರೀರಿ: 6, 8, 12 ಮತ್ತು 9, 12, 18. ಈಗ 9÷6, 12÷8, 18÷12 ಎಲ್ಲವೂ 1.5. ಸಮರೂಪ, ಕೆ = 1.5. ತ್ರಿಭುಜದಲ್ಲಿ ಈ ಉಪಾಯ ಯಾವಾಗಲೂ ನಡೆಯುತ್ತೆ, ಯಾಕಂದ್ರೆ ಅತಿ ಚಿಕ್ಕ ಕೋನದ ಎದುರಿಗೆ ಅತಿ ಚಿಕ್ಕ ಬಾಹು ಇರುತ್ತೆ. ಬಾಹುಗಳ ಬದಲು ಕೋನ ಕೊಟ್ಟಿದ್ರೆ, ಸಮ ಕೋನಗಳ ಎದುರಿನ ಬಾಹುಗಳೇ ಜೋಡಿ. ಚಿತ್ರ ತಿರುಗಿಸಿ ಕೊಟ್ಟಿದ್ರೂ, ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಕೊಟ್ಟಿದ್ರೂ ಹೆದರಬೇಡಿ. ಎರಡನೇ ಚಿತ್ರವನ್ನ ಮೊದಲನೆಯದರ ದಿಕ್ಕಿಗೆ ಹಾಳೆಯ ಮೂಲೆಯಲ್ಲಿ ಮತ್ತೊಮ್ಮೆ ಬಿಡಿಸ್ಕೊಳ್ಳಿ. ಹತ್ತು ಸೆಕೆಂಡಿನ ಕೆಲಸ.

ಎರಡನೇ ಬೋನು: ಒಳಗೊಂದು ತ್ರಿಭುಜ. ಎಬಿಸಿ ತ್ರಿಭುಜದಲ್ಲಿ ಬಿಸಿಗೆ ಸಮಾಂತರವಾಗಿ ಡಿಇ ಗೆರೆ ಇದೆ. ಡಿ ಬಿಂದು ಎಬಿ ಮೇಲೆ, ಇ ಬಿಂದು ಎಸಿ ಮೇಲೆ. ಎಡಿ = 4, ಡಿಬಿ = 6, ಡಿಇ = 5. ಬಿಸಿ ಎಷ್ಟು?

ಅವಸರದ ಉತ್ತರ: 6÷4 = 1.5, ಆದ್ದರಿಂದ 5×1.5 = 7.5. ತಪ್ಪು. ಡಿಬಿ ಅನ್ನೋದು ಯಾವ ತ್ರಿಭುಜದ ಬಾಹು ಹೇಳಿ? ಯಾವುದರದ್ದೂ ಅಲ್ಲ! ಅದು ಬರೀ ಒಂದು ತುಂಡು. ಚಿಕ್ಕ ತ್ರಿಭುಜ ಎಡಿಇ, ಅದರ ಬಾಹು ಎಡಿ = 4. ದೊಡ್ಡ ತ್ರಿಭುಜ ಎಬಿಸಿ, ಅದರ ಬಾಹು ಎಬಿ = 4+6 = 10. ಕೆ = 10÷4 = 2.5. ಬಿಸಿ = 5×2.5 = 12.5.

ಎಡಿ÷ಡಿಬಿ ಅನ್ನೋ ಅನುಪಾತ ಸುಳ್ಳೇನಲ್ಲ. ಅದು ಥೇಲ್ಸ್ ಪ್ರಮೇಯದಲ್ಲಿ ಬರುತ್ತೆ: ಎಡಿ÷ಡಿಬಿ = ಎಇ÷ಇಸಿ. ಎಡಗಡೆ ಎರಡು ತುಂಡು, ಬಲಗಡೆ ಎರಡು ತುಂಡು, ಅಷ್ಟಕ್ಕೆ ಮಾತ್ರ. ಸಮಾಂತರ ಗೆರೆಗಳ ಉದ್ದ ಲೆಕ್ಕಕ್ಕೆ ಬಂದ ತಕ್ಷಣ ಪೂರ್ತಿ ಬಾಹುವೇ ಬೇಕು.

4. ನೆರಳಿನ ಲೆಕ್ಕ

ಹತ್ತಲಾಗದ ಎತ್ತರವನ್ನ ಅಳೆಯೋಕೆ ಸಮರೂಪ ತ್ರಿಭುಜಕ್ಕಿಂತ ಅಗ್ಗದ ಯಂತ್ರ ಇಲ್ಲ. ಬಿಸಿಲಿನಲ್ಲಿ 1 ಮೀಟರ್ ಕೋಲನ್ನ ನೆಟ್ಟಗೆ ನಿಲ್ಲಿಸಿ, ಅದರ ನೆರಳು 0.8 ಮೀಟರ್ ಅನ್ಕೊಳ್ಳಿ. ಅದೇ ಹೊತ್ತಿಗೆ ಕಾಲೇಜಿನ ಧ್ವಜಸ್ತಂಭದ ನೆರಳು 12 ಮೀಟರ್. ಸೂರ್ಯನ ಕಿರಣ ಎರಡಕ್ಕೂ ಒಂದೇ ಕೋನದಲ್ಲಿ ಬೀಳುತ್ತೆ, ಎರಡೂ ನೆಲಕ್ಕೆ ಲಂಬ. ಎರಡು ಕೋನ ಸಮ, ತ್ರಿಭುಜಗಳು ಸಮರೂಪ. ಕೆ = 12÷0.8 = 15. ಸ್ತಂಭದ ಎತ್ತರ 1×15 = 15 ಮೀಟರ್.

ಇಲ್ಲಿ ಇಂಜಿನಿಯರ್ ಕೇಳಬೇಕಾದ ಪ್ರಶ್ನೆ ಒಂದಿದೆ: ಈ 15 ಅನ್ನ ಎಷ್ಟು ನಂಬಬಹುದು? ನೆರಳಿನ ತುದಿ ಚೂರು ಮಸುಕಾಗಿರುತ್ತೆ. ಕೋಲಿನ ನೆರಳನ್ನ ಅಳೆಯುವಾಗ ಬರೀ 1 ಸೆಂ.ಮೀ. ಹೆಚ್ಚುಕಡಿಮೆ ಆದ್ರೆ 80ರಲ್ಲಿ 1, ಅಂದ್ರೆ 1.25%. ಅದು 15 ಮೀಟರಿನಲ್ಲಿ ಸುಮಾರು 19 ಸೆಂ.ಮೀ. ವ್ಯತ್ಯಾಸ ಆಗುತ್ತೆ. ಸ್ಕೇಲ್ ಫ್ಯಾಕ್ಟರ್ ಉದ್ದವನ್ನ ಹಿಗ್ಗಿಸೋ ಹಾಗೆ ತಪ್ಪನ್ನೂ ಹಿಗ್ಗಿಸುತ್ತೆ. ಅದಕ್ಕೆ ಉದ್ದದ ಕೋಲು ತಗೊಳ್ಳಿ, ಮೂರು ಸಲ ಅಳೆದು ಸರಾಸರಿ ಹಿಡೀರಿ.

ನಮ್ಮ ಬಳಗದ ಓದುಗರಿಗೆ ಒಂದು ಖುಷಿಯ ವಿಷಯ. ನೆರಳಿನ ಲೆಕ್ಕ ಈ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಕೊನೇ ಅಧ್ಯಾಯವೇ ಛಾಯೆಯ ಬಗ್ಗೆ. 12ನೇ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಬರೆದ. ಗಣಿತವನ್ನ ಕನ್ನಡದಲ್ಲಿ ಬರೆಯೋಕಾಗುತ್ತಾ ಅಂತ ಕೇಳೋರಿಗೆ ಉತ್ತರ ಒಂಬೈನೂರು ವರ್ಷದ ಹಿಂದೆಯೇ ಸಿಕ್ಕಿದೆ.

5. ಕೆ, ಕೆ², ಕೆ³

ಇಲ್ಲಿವರೆಗೆ ಬರೀ ಉದ್ದ. ವಿಸ್ತೀರ್ಣ, ಘನಫಲ ಬಂದಾಗ ಏನಾಗುತ್ತೆ?

20×30 ಸೈಟಿಗೆ ವಾಪಸ್ ಬನ್ನಿ. ಸುತ್ತಳತೆ 100 ಅಡಿ, ವಿಸ್ತೀರ್ಣ 600 ಚದರ ಅಡಿ. 40×60 ಸೈಟಿನ ಸುತ್ತಳತೆ 200 ಅಡಿ, ವಿಸ್ತೀರ್ಣ 2400 ಚದರ ಅಡಿ. ಕೆ = 2. ಕಾಂಪೌಂಡ್ ಗೋಡೆಯ ಉದ್ದ ಎರಡು ಪಟ್ಟು, ಸೈಟಿನ ಜಾಗ ನಾಲ್ಕು ಪಟ್ಟು. ಉದ್ದ, ಸುತ್ತಳತೆ ಕೆ ಪಟ್ಟು. ವಿಸ್ತೀರ್ಣ ಕೆ² ಪಟ್ಟು, ಯಾಕಂದ್ರೆ ಉದ್ದವೂ ಕೆ ಪಟ್ಟು ಆಯ್ತು, ಅಗಲವೂ ಕೆ ಪಟ್ಟು ಆಯ್ತು. ಎತ್ತರವೂ ಸೇರಿಕೊಂಡ್ರೆ ಘನಫಲ ಕೆ³ ಪಟ್ಟು.

ಮೂರನ್ನೂ ನೆನಪಿಟ್ಟುಕೊಳ್ಳೋಕೆ ದೋಸೆ, ಲಾಡು ಸಾಕು. 4 ಸೆಂ.ಮೀ. ವ್ಯಾಸದ ಲಾಡು ಹತ್ತು ರೂಪಾಯಿ, 6 ಸೆಂ.ಮೀ. ವ್ಯಾಸದ್ದು ಮೂವತ್ತು ರೂಪಾಯಿ. ಯಾವುದು ಲಾಭ? ಕೆ = 1.5. ಲಾಡು ಎಲ್ಲ ದಿಕ್ಕಿಗೂ ಹಿಗ್ಗಿದೆ, ಆದ್ದರಿಂದ ಕೆ³ = 3.375. ದುಡ್ಡು ಮೂರು ಪಟ್ಟು, ಲಾಡು 3.375 ಪಟ್ಟು. ದೊಡ್ಡದನ್ನೇ ತಗೊಳ್ಳಿ.

ಈಗ 20 ಸೆಂ.ಮೀ. ವ್ಯಾಸದ ದೋಸೆ ಮತ್ತು 30 ಸೆಂ.ಮೀ. ವ್ಯಾಸದ ದೋಸೆ. ಕೆ ಅದೇ 1.5. ಹಿಟ್ಟು 3.375 ಪಟ್ಟು ಬೇಕಾ? ಇಲ್ಲ. ದೋಸೆ ಅಗಲ ಆಯ್ತೇ ಹೊರತು ದಪ್ಪ ಆಗಿಲ್ಲ. ಹಿಟ್ಟು ಕೆ² = 2.25 ಪಟ್ಟು. ಗರಿಗರಿ ಅಂಚು ಮಾತ್ರ ಬೇಕು ಅನ್ನೋರಿಗೆ ಬರೀ 1.5 ಪಟ್ಟು. ಒಂದೇ ಕೆ, ಮೂರು ಉತ್ತರ. ಯಾವ ದಿಕ್ಕುಗಳು ನಿಜವಾಗಿ ಹಿಗ್ಗಿವೆ ಅಂತ ಮೊದಲು ನೋಡಿ, ಆಮೇಲೆ ಘಾತ ಹಾಕಿ.

ಮತ್ತೆ ಜೆರಾಕ್ಸ್ ಅಂಗಡಿ. ಪರೀಕ್ಷೆಯ ಹಿಂದಿನ ದಿನ ನೋಟ್ಸ್ ‘ಟೂ ಇನ್ ಒನ್’ ಮಾಡಿಸ್ತೀವಿ, ಒಂದು ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಎರಡು ಪುಟ. ಪ್ರತಿ ಪುಟಕ್ಕೆ ಅರ್ಧ ಜಾಗ, ಅಂದ್ರೆ ಕೆ² = ½, ಕೆ = 0.707. ಅರ್ಧ ಜಾಗ ಅಂತ 50% ಒತ್ತಿದ್ರೆ ಪುಟ ಕಾಲು ಭಾಗಕ್ಕೆ ಇಳಿಯುತ್ತೆ. 71% ನಲ್ಲಿ 12 ಪಾಯಿಂಟ್ ಅಕ್ಷರ ಸುಮಾರು 8.5 ಪಾಯಿಂಟ್ ಆಗುತ್ತೆ, ಓದಬಹುದು. ‘ಫೋರ್ ಇನ್ ಒನ್’ ಮಾಡಿಸಿದ್ರೆ ಕೆ = 0.5, ಅಕ್ಷರ 6 ಪಾಯಿಂಟ್. ಕನ್ನಡದ ಒತ್ತಕ್ಷರಗಳಂತೂ ಇರುವೆ ಸಾಲಿನ ಹಾಗೆ ಕಾಣ್ತವೆ. ಉಳಿಸಿದ ದುಡ್ಡು ಕನ್ನಡಕಕ್ಕೆ.

ಮ್ಯಾಪ್‌ನಲ್ಲೂ ಇದೇ ಕಥೆ. ಸರ್ವೇ ಆಫ್ ಇಂಡಿಯಾದ 1:50,000 ಟೋಪೋಶೀಟ್‌ನಲ್ಲಿ 1 ಸೆಂ.ಮೀ. ಅಂದ್ರೆ ನೆಲದ ಮೇಲೆ 50,000 ಸೆಂ.ಮೀ., ಅಂದ್ರೆ ಅರ್ಧ ಕಿಲೋಮೀಟರ್. ಹಾಗಾದ್ರೆ ಮ್ಯಾಪಿನ 1 ಚದರ ಸೆಂ.ಮೀ. ಅರ್ಧ ಚದರ ಕಿ.ಮೀ. ಅಲ್ಲ, ½×½ = ಕಾಲು ಚದರ ಕಿ.ಮೀ. ಸಿವಿಲ್‌ನವರು ಕೆರೆಯ ವಿಸ್ತೀರ್ಣ ತೆಗೆಯುವಾಗ ಈ ವರ್ಗವನ್ನ ಮರೆತ್ರೆ ಕೆರೆ ಎರಡು ಪಟ್ಟು ದೊಡ್ಡದಾಗಿಬಿಡುತ್ತೆ.

ಹಿಮ್ಮುಖವಾಗಿ ಹೋಗೋದೂ ಇಷ್ಟೇ ಸುಲಭ. ವಿಸ್ತೀರ್ಣಗಳ ಅನುಪಾತ ಕೊಟ್ರೆ ವರ್ಗಮೂಲ, ಘನಫಲಗಳ ಅನುಪಾತ ಕೊಟ್ರೆ ಘನಮೂಲ. ಎರಡು ಸಮರೂಪ ಬಾಟಲಿಗಳು, ಒಂದು 250 ಮಿ.ಲೀ., ಇನ್ನೊಂದು 2 ಲೀಟರ್. ಘನಫಲದ ಅನುಪಾತ 8, ಕೆ = 2. ಎತ್ತರ ಎರಡು ಪಟ್ಟು, ಮೇಲೆ ಅಂಟಿಸೋ ಲೇಬಲ್‌ನ ವಿಸ್ತೀರ್ಣ ನಾಲ್ಕು ಪಟ್ಟು. ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ವಿಸ್ತೀರ್ಣದಿಂದ ಘನಫಲಕ್ಕೆ ನೇರವಾಗಿ ಹಾರೋಕೆ ಹೋಗಬೇಡಿ. ಯಾವಾಗಲೂ ಮೊದಲು ಕೆಗೆ ಇಳಿದು, ಅಲ್ಲಿಂದ ಮತ್ತೆ ಹತ್ತಿ.

6. ತ್ರೀಡಿ ಪ್ರಿಂಟರ್ ಮುಂದೆ

ಸ್ಲೈಸರ್ ಸಾಫ್ಟ್‌ವೇರ್‌ನಲ್ಲಿ ‘ಸ್ಕೇಲ್ 150%’ ಅಂತ ಹಾಕೋದು ಒಂದು ಕ್ಲಿಕ್. ಪೂರ್ತಿ ಗಟ್ಟಿಯಾಗಿ ಪ್ರಿಂಟ್ ಮಾಡೋ ತುಂಡಾದ್ರೆ 40 ಗ್ರಾಂ ಹಿಡೀತಿದ್ದದ್ದು 40×3.375 = 135 ಗ್ರಾಂ ಹಿಡಿಯುತ್ತೆ. 200% ಹಾಕಿದ್ರೆ 320 ಗ್ರಾಂ. ಪ್ರಾಜೆಕ್ಟಿನ ಬಜೆಟ್ ಹಾಕುವಾಗ ‘ಎರಡು ಪಟ್ಟು ದೊಡ್ಡದು, ಖರ್ಚೂ ಎರಡು ಪಟ್ಟು’ ಅಂತ ಬರೆದ ಟೀಮಿನವರು ಮಧ್ಯದಲ್ಲೇ ಮತ್ತೆ ಚಂದಾ ಎತ್ತಬೇಕಾಗುತ್ತೆ.

ಇನ್ನೊಂದು ಸೂಕ್ಷ್ಮ. ತುಂಡನ್ನ 1.5 ಪಟ್ಟು ಮಾಡಿದಾಗ ಅದರ 3 ಮಿ.ಮೀ. ಸ್ಕ್ರೂ ತೂತು 4.5 ಮಿ.ಮೀ. ಆಗುತ್ತೆ. ಅಂಗಡಿಯಲ್ಲಿ ತಂದ ಸ್ಕ್ರೂ ಮಾತ್ರ 3 ಮಿ.ಮೀ.ನಲ್ಲೇ ಇರುತ್ತೆ. ಹೊರಗಿನಿಂದ ಬರೋ ಮೋಟಾರ್, ಬೇರಿಂಗ್, ಸ್ಕ್ರೂ ಯಾವುದೂ ನಮ್ಮ ಸ್ಕೇಲ್ ಫ್ಯಾಕ್ಟರ್ ಮಾತು ಕೇಳಲ್ಲ. ಅಂಥ ಜಾಗಗಳನ್ನ ಕ್ಯಾಡ್ ಫೈಲ್‌ಗೆ ವಾಪಸ್ ಹೋಗಿ ಬೇರೆಯಾಗೇ ತಿದ್ದಬೇಕು.

ಮತ್ತೆ, ಎಸ್‌ಟಿಎಲ್ ಫೈಲ್‌ನಲ್ಲಿ ಯೂನಿಟ್ ಇರಲ್ಲ, ಬರೀ ಸಂಖ್ಯೆ ಇರುತ್ತೆ. ಇಂಚಿನಲ್ಲಿ ಬಿಡಿಸಿದ್ದನ್ನ ಸಾಫ್ಟ್‌ವೇರ್ ಮಿ.ಮೀ. ಅಂತ ಓದಿದ್ರೆ ದೊಡ್ಡ ಬ್ರಾಕೆಟ್ ಸಾಸಿವೆ ಥರ ಪರದೆಯ ಮೂಲೆಯಲ್ಲಿ ಕೂತಿರುತ್ತೆ. ಗಾಬರಿ ಬೇಡ. ಇರಬೇಕಾದ ಉದ್ದವನ್ನ ಕಾಣ್ತಿರೋ ಉದ್ದದಿಂದ ಭಾಗಿಸಿ. ಉತ್ತರ 25.4 ಬಂದ್ರೆ ಕಳ್ಳ ಸಿಕ್ಕ: ಒಂದು ಇಂಚಿಗೆ 25.4 ಮಿ.ಮೀ. ಅಷ್ಟೇ ಸ್ಕೇಲ್ ಮಾಡಿ, ಸರಿಹೋಗುತ್ತೆ.

7. ಕಡ್ಡಿ ಸೇತುವೆ ಮತ್ತು ನಿಜವಾದ ಸೇತುವೆ

ಈಗ ಮೊದಲಲ್ಲೇ ಹೇಳಿದ ಸೇತುವೆ. ಟೆಕ್ ಫೆಸ್ಟ್‌ಗಳಲ್ಲಿ ಐಸ್‌ಕ್ರೀಮ್ ಕಡ್ಡಿ ಸೇತುವೆ ಸ್ಪರ್ಧೆ ಇರುತ್ತೆ. 60 ಸೆಂ.ಮೀ. ಉದ್ದ, 500 ಗ್ರಾಂ ತೂಕದ ಸೇತುವೆ ಮಧ್ಯದಲ್ಲಿ 15 ಕೆ.ಜಿ. ತಡೀತು ಅಂತ ಇಟ್ಕೊಳ್ಳಿ. ತನ್ನ ತೂಕದ 30 ಪಟ್ಟು! ಎಲ್ಲರೂ ಚಪ್ಪಾಳೆ ಹೊಡೀತಾರೆ. ಹಾಗಾದ್ರೆ ಅದೇ ಆಕಾರದ, ಅದೇ ಮರದ 60 ಮೀಟರ್ ಸೇತುವೆಯೂ ತನ್ನ ತೂಕದ 30 ಪಟ್ಟು ತಡೆಯುತ್ತಾ?

ಕೆ = 60 ಮೀ. ÷ 0.6 ಮೀ. = 100.

ತೂಕ ಘನಫಲದ ಜೊತೆ ಹೋಗುತ್ತೆ: 0.5 ಕೆ.ಜಿ. × 100³ = 5,00,000 ಕೆ.ಜಿ. = 500 ಟನ್.

ಶಕ್ತಿ ಅಡ್ಡಕೊಯ್ತದ ವಿಸ್ತೀರ್ಣದ ಜೊತೆ ಹೋಗುತ್ತೆ, ಯಾಕಂದ್ರೆ ವಸ್ತು ತಡೆಯೋದು ಪ್ರತಿ ಚದರ ಸೆಂ.ಮೀ.ಗೆ ಇಷ್ಟು ಅಂತ: 15 ಕೆ.ಜಿ. × 100² = 1,50,000 ಕೆ.ಜಿ. = 150 ಟನ್.

ಮಧ್ಯದಲ್ಲಿ ಇಟ್ಟ ಭಾರಕ್ಕಿಂತ ಉದ್ದಕ್ಕೂ ಹರಡಿದ ಭಾರವನ್ನ ತೊಲೆ ಎರಡು ಪಟ್ಟು ತಡೆಯುತ್ತೆ ಅಂತ ರಿಯಾಯಿತಿ ಕೊಟ್ಟರೂ 300 ಟನ್. ಸೇತುವೆಯ ಸ್ವಂತ ತೂಕವೇ 500 ಟನ್. ಅಂದ್ರೆ ಮೇಲೆ ಒಂದು ಸೈಕಲ್ ಹೋಗೋಕೂ ಮುಂಚೆ, ತನ್ನ ಭಾರಕ್ಕೆ ತಾನೇ ಕುಸಿಯುತ್ತೆ. ಆಕಾರದಲ್ಲಿ ಒಂದು ಗೆರೆಯ ವ್ಯತ್ಯಾಸ ಇಲ್ಲ, ವಸ್ತು ಅದೇ, ಆದ್ರೂ ಒಂದು ನಿಲ್ಲುತ್ತೆ, ಇನ್ನೊಂದು ಬೀಳುತ್ತೆ. ತೂಕ ಕೆ³, ಶಕ್ತಿ ಕೆ². ಸ್ವಂತ ಭಾರದಿಂದ ಬರೋ ಒತ್ತಡ ಕೆ ಪಟ್ಟು ಏರುತ್ತೆ, ಅಷ್ಟೇ ಕಾರಣ.

ಇದನ್ನ ಮೊದಲು ಸ್ಪಷ್ಟವಾಗಿ ಬರೆದು ತೋರಿಸಿದವನು ಗೆಲಿಲಿಯೋ, 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಪುಸ್ತಕದಲ್ಲಿ. ದೊಡ್ಡ ಪ್ರಾಣಿಯ ಮೂಳೆ ಉದ್ದಕ್ಕೆ ತಕ್ಕಷ್ಟೇ ದಪ್ಪ ಆದ್ರೆ ಸಾಲದು, ಅದಕ್ಕಿಂತ ಜಾಸ್ತಿ ದಪ್ಪ ಆಗಬೇಕು ಅಂತ ಚಿತ್ರ ಸಮೇತ ವಿವರಿಸಿದ. ಆನೆಯ ಕಾಲು ಜಿಂಕೆಯ ಕಾಲಿಗೆ ಸಮರೂಪ ಅಲ್ಲದೆ ಇರೋದು ಇದಕ್ಕೇ.

ನಮ್ಮ ಕಡೆಯ ಉದಾಹರಣೆ ಬೇಕಂದ್ರೆ ಗೊಮ್ಮಟ ಇದ್ದಾನೆ. ಶ್ರವಣಬೆಳಗೊಳದ ಮೂರ್ತಿ ಸುಮಾರು 57 ಅಡಿ, 1432ರಲ್ಲಿ ಸ್ಥಾಪಿಸಿದ ಕಾರ್ಕಳದ್ದು ಸುಮಾರು 42 ಅಡಿ. ಎರಡರ ಶಿಲ್ಪ ಪೂರ್ತಿ ಸಮರೂಪ ಅಲ್ಲ, ಆದ್ರೆ ಅಂದಾಜಿಗೆ ಹಾಗೆ ಇಟ್ಕೊಳ್ಳೋಣ. ಕೆ = 57÷42 = 1.36. ನೋಡಿದವರು ‘ಸ್ವಲ್ಪ ಎತ್ತರ ಜಾಸ್ತಿ’ ಅಂತಾರೆ. ಆದ್ರೆ ಕೆ³ ಸುಮಾರು 2.5. ಅಂದ್ರೆ ಬೆಳಗೊಳದ ಗೊಮ್ಮಟನಲ್ಲಿ ಎರಡೂವರೆ ಕಾರ್ಕಳದ ಗೊಮ್ಮಟರಷ್ಟು ಕಲ್ಲಿದೆ! ಪಾದದ ವಿಸ್ತೀರ್ಣ ಮಾತ್ರ 1.84 ಪಟ್ಟು. ಕಾರ್ಕಳದ ಮೂರ್ತಿಯನ್ನ ಬೇರೆ ಕಡೆ ಕೆತ್ತಿ ಬೆಟ್ಟಕ್ಕೆ ಸಾಗಿಸಿದ್ರು. ಬೆಳಗೊಳದ್ದನ್ನ ಬೆಟ್ಟದ ತುದಿಯ ಬಂಡೆಯಲ್ಲೇ ಕೆತ್ತಿದ್ರು. ಎರಡೂವರೆ ಪಟ್ಟು ತೂಕದ ಆ ಕಲ್ಲನ್ನ ಮೇಲಕ್ಕೆ ಎಳೆಯೋದನ್ನ ಊಹಿಸಿಕೊಂಡ್ರೆ ಘನದ ಬೆಲೆ ಗೊತ್ತಾಗುತ್ತೆ.

ಹಾಗಾದ್ರೆ ಮಾಡೆಲ್ ಮಾಡೋದೇ ದಂಡವಾ? ಅಲ್ಲ. ಯಾವುದು ಎಷ್ಟನೇ ಘಾತದಲ್ಲಿ ಹಿಗ್ಗುತ್ತೆ ಅಂತ ಗೊತ್ತಿದ್ರೆ ಮಾಡೆಲ್ ನಿಜ ಹೇಳುತ್ತೆ. ಕೃಷ್ಣರಾಜಸಾಗರದಲ್ಲಿರೋ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಂಥ ಕಡೆ ಅಣೆಕಟ್ಟಿನ ಕೋಡಿಗಳ ಚಿಕ್ಕ ಮಾಡೆಲ್ ಕಟ್ಟಿ ನೀರು ಹರಿಸಿ ನೋಡ್ತಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಫ್ರೌಡ್ ಸಂಖ್ಯೆ ಬರುತ್ತಲ್ಲ, ಅದರ ಪ್ರಕಾರ ನೀರಿನ ವೇಗ ಉದ್ದದ ಜೊತೆ ಅಲ್ಲ, √ಕೆ ಜೊತೆ ಹೋಗುತ್ತೆ. 1:25 ಮಾಡೆಲ್ ಆದ್ರೆ ನಿಜವಾದ ಕೋಡಿಯಲ್ಲಿ ವೇಗ 5 ಪಟ್ಟು, ಹರಿವಿನ ವಿಸ್ತೀರ್ಣ 625 ಪಟ್ಟು, ಎರಡನ್ನೂ ಗುಣಿಸಿದ್ರೆ ಹರಿಯೋ ನೀರಿನ ಪ್ರಮಾಣ 3125 ಪಟ್ಟು. ಮಾಡೆಲ್‌ನಲ್ಲಿ ಸೆಕೆಂಡಿಗೆ 10 ಲೀಟರ್ ಅಳೆದವರು ಇದನ್ನ ‘25 ಪಟ್ಟು’ ಅಂತ ಬರೆದ್ರೆ ಕೆಳಗಿನ ಊರಿನ ಗತಿ ಏನು ಯೋಚಿಸಿ.

8. ನೀವೇ ಮಾಡಿ ನೋಡಿ

ಒಂದು: ಎ5 ಹಾಳೆ 148×210 ಮಿ.ಮೀ. ಎ4ರಿಂದ ಎ5ಗೆ ಕೆ ಎಷ್ಟು?

ಎರಡು: ಕೋನ್ ಐಸ್‌ಕ್ರೀಮ್‌ನ ಕೋನ್ ಒಳಗೆ ಅರ್ಧ ಎತ್ತರದವರೆಗೆ ಮಾತ್ರ ಐಸ್‌ಕ್ರೀಮ್ ಇದೆ. ತುಂಬಿದ ಕೋನ್‌ಗೆ ಹೋಲಿಸಿದ್ರೆ ಎಷ್ಟು ಭಾಗ ಸಿಕ್ಕಿದೆ?

ಮೂರು: ಮೂರನೇ ಭಾಗದ ಎಬಿಸಿ ತ್ರಿಭುಜದಲ್ಲಿ ಎಡಿಇ ವಿಸ್ತೀರ್ಣ 8 ಚದರ ಸೆಂ.ಮೀ. ಆದ್ರೆ ಡಿಇ ಕೆಳಗಿನ ಪಟ್ಟಿಯ ವಿಸ್ತೀರ್ಣ ಎಷ್ಟು?

ನಾಲ್ಕು: 8, 12, 18 ಬಾಹುಗಳ ತ್ರಿಭುಜ, 12, 18, 27 ಬಾಹುಗಳ ತ್ರಿಭುಜ. ಸಮರೂಪವೇ? ಸರ್ವಸಮವೇ?

ಉತ್ತರಗಳು: ಒಂದು, ಸುಮಾರು 0.707 (ಮಿ.ಮೀ.ಗೆ ದುಂಡು ಮಾಡಿರೋದ್ರಿಂದ ಮೂರನೇ ಅಂಕಿಯಲ್ಲಿ ಚೂರು ವ್ಯತ್ಯಾಸ ಬರುತ್ತೆ). ಎರಡು, ಕೆ = ½, ಎಂಟನೇ ಒಂದು ಭಾಗ ಮಾತ್ರ; ಅಂಗಡಿಯವರ ಜೊತೆ ಜಗಳಕ್ಕೆ ಇಳಿಯೋಕೆ ನ್ಯಾಯವಾದ ಕಾರಣ. ಮೂರು, ಕೆ² = 6.25, ದೊಡ್ಡ ತ್ರಿಭುಜ 50, ಪಟ್ಟಿ 50−8 = 42 ಚದರ ಸೆಂ.ಮೀ. ನಾಲ್ಕು, ಸಮರೂಪ, ಕೆ = 1.5. ಈ ಕೊನೆಯದನ್ನ ಇನ್ನೊಮ್ಮೆ ನೋಡಿ. ಮೂರೂ ಕೋನಗಳು ಸಮ. 12 ಮತ್ತು 18 ಎರಡು ತ್ರಿಭುಜದಲ್ಲೂ ಇವೆ. ಆರು ಅಳತೆಗಳಲ್ಲಿ ಐದು ಸಮ, ಆದ್ರೂ ಸರ್ವಸಮ ಅಲ್ಲ! ಸಮ ಇರೋ ಬಾಹುಗಳು ಸರಿಯಾದ ಜಾಗದಲ್ಲಿ ಇಲ್ಲ. ಹೆಜ್ಜೆ ಎರಡು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಇಂಥ ಐದು ಸಮ ಅಳತೆಗಳ ಜೋಡಿಯನ್ನ ನೀವೂ ಒಂದು ಹುಡುಕಿ, ಪೂರ್ಣಾಂಕಗಳಲ್ಲಿ. ಸುಳಿವು ಇಷ್ಟೇ: ಬಾಹುಗಳು ಗುಣೋತ್ತರ ಶ್ರೇಢಿಯಲ್ಲಿ ಇರಬೇಕು, ಆದ್ರೂ ಎರಡು ಚಿಕ್ಕ ಬಾಹುಗಳ ಮೊತ್ತ ದೊಡ್ಡದಕ್ಕಿಂತ ಜಾಸ್ತಿ ಇರಬೇಕು. ಸಿಕ್ಕವರು ಬಳಗದ ಮುಂದಿನ ಸಭೆಗೆ ತನ್ನಿ, ಬೋರ್ಡ್ ಮೇಲೆ ಬರೆಯೋಣ.